ಫಿನ್ ಸ್ಟ್ರಾಪ್ ಬಿರುಕು ಬಿಟ್ಟಿದೆ, ಹಳೇದನ್ನೇ ಹಾಕ್ಲಾ ಹೊಸದು ತಗೊಳ್ಲಾ?

ನೀಲಿಕಡಲು: ಡೈವಿಂಗ್ ಮಾಡೋವಾಗ ಕಾಲಿಗೆ ಹಾಕೋ ನನ್ನ ಸ್ಕೂಬಾ ಫಿನ್‌ಗೆ ಒಂಬತ್ತು ವರ್ಷ ಆಯ್ತು, ಬ್ಲೇಡ್ ಇನ್ನೂ ಗಟ್ಟಿಯಾಗಿದೆ, ಆದ್ರೆ ಹಿಮ್ಮಡಿ ಸುತ್ತ ಬರೋ ರಬ್ಬರ್ ಸ್ಟ್ರಾಪು ಬಕಲ್ ಹತ್ರ ಮಡಚೋ ಜಾಗದಲ್ಲಿ ಸಣ್ಣಸಣ್ಣ ಬಿರುಕು ಬಿಟ್ಟಿದೆ. ಅಟ್ಟದ ಮೇಲೆ ಇನ್ನೊಂದು ಹಳೆ ಜೊತೆ ಇದೆ, ಅದರ ಸ್ಟ್ರಾಪ್ ಬಿಚ್ಚಿ ಹಾಕಿದ್ರೆ ನಡಿಯುತ್ತಾ? ಮಳೆಗಾಲ ಮುಗಿದ ಮೇಲೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವ್ ಮಾಡೋಕೆ ಹೋಗೋದಿದೆ.

ಅಲೆಮಾರಿ: ಹಾಕೋಕ್ ಮುಂಚೆ ಅದನ್ನ ಉಲ್ಟಾ ಮಡಚಿ ಬೆಳಕಲ್ಲಿ ನೋಡಿ ಸರ್. ಉಪಯೋಗಿಸದೆ ಇಟ್ಟಿದ್ರೂ ರಬ್ಬರ್ ಒಣಗುತ್ತೆ, ಅಟ್ಟದ ಸೆಕೆ ಅಂತೂ ಅದಕ್ಕೆ ಶತ್ರು. ಎಳೆದಾಗ ಗೆರೆ ಕಾಣಿಸಿದ್ರೆ ಬೇಡ.

ಹುಬ್ಳಿ ಹುಡುಗ: ಸೈಕಲ್ ಟ್ಯೂಬ್ ಕತ್ತರಿಸಿ ಹಾಕ್ರಿ, ಒಂದು ಪೈಸೆ ಖರ್ಚಿಲ್ಲ! ಟ್ಯೂಬ್ ಬ್ಯುಟೈಲ್ ರಬ್ಬರ್ ಇರ್ತದ, ಬಿಸಿಲಿಗೆ ಲಗೂನ ಸೀಳಂಗಿಲ್ಲ. ನಾ ಎರಡು ಸೀಸನ್ ಹಂಗ ತೆಗದೇನಿ.

ಮುತ್ತಿನಚಿಪ್ಪು: ಅಣ್ಣ, ಸ್ವಿಮ್ಮಿಂಗ್ ಪೂಲಲ್ಲಿ ಆದ್ರೆ ಸರಿ, ಸಮುದ್ರದಲ್ಲಿ ನಾನು ಒಪ್ಪಲ್ಲ. ನಂಗೆ ಆಗಿದ್ದು ಹೇಳ್ತೀನಿ, ಆ್ಯಂಕರ್ ಹಗ್ಗ ಹಿಡ್ಕೊಂಡು ಇಳೀತಿದ್ದಾಗ ಟ್ಯೂಬಿನ ಗಂಟು ಜಾರಿ ಎಡಗಾಲಿನ ಫಿನ್ ಕಳಚಿ ಕೆಳಗೆ ಹೋಯ್ತು, ನೀರಿನ ಸೆಳೆತ ಬೇರೆ ಇತ್ತು, ಒಂದೇ ಕಾಲಲ್ಲಿ ಒದೀತಾ ಇದ್ರೆ ಮೈ ಒಂದು ಕಡೆಗೇ ತಿರುಗುತ್ತೆ, ಗಾಳಿ ಬೇಗ ಬೇಗ ಖಾಲಿಯಾಗ್ತಿರೋದು ಗೇಜಲ್ಲಿ ಕಾಣ್ತಿತ್ತು, ಕೊನೆಗೆ ಜೊತೆಗಿದ್ದ ಡೈವರ್ ಕೈ ಹಿಡ್ಕೊಂಡು ವಾಪಸ್ ಹತ್ತಿದ್ವಿ. ಆ ದಿನ ಕೈ ನಡುಗಿದ್ದು ಇವತ್ತಿಗೂ ಮರೆತಿಲ್ಲ.

ಹುಬ್ಳಿ ಹುಡುಗ: ಅಕ್ಕಾರ, ನೀವು ಹೇಳೋದು ಖರೆ ಅದ. ಬ್ಯಾಗಿನ್ಯಾಗ ಎಮರ್ಜೆನ್ಸಿಗೆ ಇಟ್ಕೋರಿ ಅಂತ ತಿದ್ಕೋತೇನಿ.

ಅಲೆಮಾರಿ: ಸ್ಟೀಲ್ ಸ್ಪ್ರಿಂಗ್ ಸ್ಟ್ರಾಪ್ ಹಾಕಿದ್ರೆ ಈ ತಲೆನೋವೇ ಇಲ್ಲ. 316 ಸ್ಟೇನ್‌ಲೆಸ್ ಸ್ಟೀಲ್ ಇದ್ಯಾ ಅಂತ ಕೇಳಿ ತಗೊಳ್ಳಿ, ಉಪ್ಪು ನೀರಿಗೆ ಅದು ಚೆನ್ನಾಗಿ ತಡ್ಕೊಳ್ಳುತ್ತೆ. ಜೆಟ್ ಫಿನ್ ಅನ್ನೋ ಮಾಡೆಲ್ 1960ರ ದಶಕದ ಡಿಸೈನು, ಅದಕ್ಕೂ ಜನ ಸ್ಪ್ರಿಂಗ್ ಹಾಕಿ ಈಗ್ಲೂ ಡೈವ್ ಮಾಡ್ತಾರೆ. ಕೈಗೆ ಗ್ಲೌಸ್ ಇದ್ರೂ ಎಳೆದು ಹಾಕೋದು ಸುಲಭ.

ಮುತ್ತಿನಚಿಪ್ಪು: ಆದ್ರೆ ಅದರ ಉದ್ದ ಬಕಲ್ ಥರ ಅಡ್ಜಸ್ಟ್ ಆಗಲ್ಲ, ಫಿನ್ ಒಳಗೆ ಹಾಕೋ ಶೂ ಥರದ ಬೂಟಿ ಹಾಕ್ಕೊಂಡೇ ಅಳತೆ ತಗೋಬೇಕು. ಮೂರು ಎಂಎಂ ದಪ್ಪದ ಬೂಟಿಗೆ ಸರಿಯಾಗಿದ್ದು ಐದು ಎಂಎಂಗೆ ಬಿಗಿಯಾಗುತ್ತೆ. ಇನ್ನೊಂದು, ಫಿನ್ ಪಕ್ಕದಲ್ಲಿ ಸ್ಟ್ರಾಪ್ ಸಿಕ್ಕಿಸೋ ಗುಬುಟು ಇದ್ಯಲ್ಲ, ಕಂಪನಿಗೊಂದು ಥರ ಇರುತ್ತೆ, ಅದನ್ನ ನೋಡದೆ ಆರ್ಡರ್ ಮಾಡ್ಬೇಡಿ. ಆ ಗುಬುಟೇ ಸವೆದು ಸೀಳಿದ್ರೆ ಯಾವ ಸ್ಟ್ರಾಪೂ ನಿಲ್ಲಲ್ಲ.

ನೀಲಿಕಡಲು: ಈಗಷ್ಟೇ ಅಟ್ಟದಿಂದ ಇಳಿಸಿ ಮಡಚಿ ನೋಡ್ದೆ, ಅದೂ ಸೀಳಿದೆ. ಅದರ ಬಕಲ್ ಮಾತ್ರ ಚೆನ್ನಾಗಿದೆ, ಬಿಚ್ಚಿ ಎತ್ತಿಟ್ಕೊಂಡೆ. ನನ್ನ ಫಿನ್ ಗುಬುಟು ಗಟ್ಟಿ ಇದೆ ಮೇಡಂ, ನಾಳೆ ಬೂಟಿ ಹಾಕ್ಕೊಂಡು ಅಳತೆ ತಗೊಂಡು ಸ್ಪ್ರಿಂಗ್ ತರಿಸ್ತೀನಿ, ಸ್ಪೇರ್‌ಗೆ ಒಂದು ಹೊಸ ರಬ್ಬರ್ ಸ್ಟ್ರಾಪೂ.

ಅಲೆಮಾರಿ: ಪ್ರತಿ ಡೈವ್ ಆದ್ಮೇಲೆ ಸಿಹಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗ್ಸಿ, ಬೋಟಿನ ಡೆಕ್ ಮೇಲೆ ಬಿಸಿಲಿಗೆ ಬಿಡ್ಬೇಡಿ.