ಚಡಪಡಿಕೆ ಇಲ್ಲದ ಎಡಿಎಚ್‌ಡಿ: ದೊಡ್ಡವರಲ್ಲಿ ಗುರುತಿಸುವುದು, ನಿಭಾಯಿಸುವುದು ಹೇಗೆ?

ಹಾಳೆ_ಪೆನ್ಸಿಲ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಓಡಾಟ, ಚಡಪಡಿಕೆ ಏನೂ ಇಲ್ಲದೆ ಬರೀ ಗಮನ ನಿಲ್ಲದ ಬಗೆಯ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಬಗ್ಗೆ ತಿಳಿದವರು ಹೇಳಿ. ಮೂವತ್ತು ದಾಟಿದ ಮೇಲೆ ಇದು ಎಡಿಎಚ್‌ಡಿಯೋ, ಮರೆವೋ, ಖಿನ್ನತೆಯೋ ಎಂದು ತಿಳಿಯುವುದು ಹೇಗೆ? ಒಂದೇ ಪುಟ ನಾಲ್ಕು ಸಲ ಓದಿದರೂ ತಲೆಗೆ ಹತ್ತುವುದಿಲ್ಲ, ಇಷ್ಟದ ಕೆಲಸಕ್ಕೆ ಕೂತರೆ ಊಟದ ನೆನಪೂ ಆಗುವುದಿಲ್ಲ. ಇವೆರಡೂ ಒಬ್ಬರಲ್ಲೇ ಇರಬಹುದೇ? ಆನ್‌ಲೈನ್ ಪರೀಕ್ಷೆಯ ಅಂಕ ನಂಬಬಹುದೇ? ವೈದ್ಯರ ಹತ್ತಿರ ಹೋಗುವಾಗ ಏನೇನು ಒಯ್ಯಬೇಕು? ದಿನನಿತ್ಯದ ಉಪಾಯಗಳಿದ್ದರೆ ಅವನ್ನೂ ತಿಳಿಸಿ.

ಸಂಜೆಗಾಳಿ

ಇರಬಹುದು. ಇಷ್ಟದ ಕೆಲಸದಲ್ಲಿ ಊಟ ಮರೆಯುವಷ್ಟು ಮುಳುಗುವುದೂ ಒಂದು ಸುಳಿವು. ಹೆಸರಿನಲ್ಲಿ ಗಮನದ ಕೊರತೆ ಎಂದಿದ್ದರೂ ನಿಜವಾದ ತೊಡಕಿರುವುದು ಗಮನವನ್ನು ಬೇಕಾದ ಕಡೆ, ಬೇಕಾದ ಹೊತ್ತಿಗೆ ತಿರುಗಿಸುವುದರಲ್ಲಿ. ಆಸಕ್ತಿ, ಹೊಸತನ, ಕುತ್ತಿಗೆಗೆ ಬಂದ ಗಡುವು, ಇವುಗಳಲ್ಲಿ ಒಂದಿದ್ದರೆ ಗಮನ ತಾನಾಗಿ ಅಂಟಿಕೊಳ್ಳುತ್ತದೆ. ಒಂದೂ ಇಲ್ಲದಿದ್ದರೆ ಕೆಲಸ ಎಷ್ಟು ಮುಖ್ಯವೆಂದು ಗೊತ್ತಿದ್ದರೂ ಕೈ ಏಳುವುದಿಲ್ಲ. ನೋಡುವವರು ಇದನ್ನು ಮೈಗಳ್ಳತನ ಎಂದುಬಿಡುತ್ತಾರೆ. ಆ ಮಾತನ್ನು ಬಾಲ್ಯದಿಂದ ಕೇಳಿ ಕೇಳಿ ನಂಬಿಬಿಟ್ಟವರೇ ಹೆಚ್ಚು, ಅದಕ್ಕೇ ಪರೀಕ್ಷೆ ಮಾಡಿಸಿಕೊಳ್ಳುವುದೂ ತಡವಾಗುತ್ತದೆ.

ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿ ಗಮನಕ್ಕೆ ಸಂಬಂಧಿಸಿ 9 ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ: ಅಜಾಗರೂಕ ತಪ್ಪು, ಗಮನ ಉಳಿಯದಿರುವುದು, ಎದುರಿಗೇ ಮಾತಾಡಿದರೂ ಕೇಳಿಸಿಕೊಳ್ಳದಂತಿರುವುದು, ಶುರು ಮಾಡಿದ್ದನ್ನು ಮುಗಿಸದಿರುವುದು, ಅಚ್ಚುಕಟ್ಟು ತಪ್ಪುವುದು, ತಲೆಗೆ ಕೆಲಸ ಕೊಡುವಂಥದ್ದನ್ನು ಮುಂದೂಡುವುದು, ಸಾಮಾನು ಕಳೆಯುವುದು, ಸಣ್ಣದಕ್ಕೂ ಗಮನ ಹರಿದುಹೋಗುವುದು, ದಿನದ ಕೆಲಸ ಮರೆಯುವುದು. 17 ವರ್ಷ ತುಂಬಿದವರಲ್ಲಿ ಇವುಗಳ ಪೈಕಿ 5 ಆದರೂ ಕನಿಷ್ಠ 6 ತಿಂಗಳಿಂದ ಇರಬೇಕು. ಮನೆ ಮತ್ತು ಕೆಲಸದಂಥ ಎರಡು ಕಡೆಯಾದರೂ ಕಾಣಬೇಕು, ಬದುಕಿಗೆ ನಿಜಕ್ಕೂ ಅಡ್ಡಿಯಾಗುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಶಾಲೆಯಲ್ಲಿ ಒಳ್ಳೆಯ ಅಂಕ ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ ಇದನ್ನು ತಳ್ಳಿಹಾಕಬೇಡಿ. ಬುದ್ಧಿವಂತಿಕೆ ಮತ್ತು ಮನೆಯವರ ಶಿಸ್ತು ಹಲವು ವರ್ಷ ಇದನ್ನು ಮುಚ್ಚಿಡಬಲ್ಲವು. ಸದ್ದು ಮಾಡದೆ ಕಿಟಕಿಯ ಆಚೆ ನೋಡುತ್ತ ಕೂರುವ ಹುಡುಗಿಯ ಬಗ್ಗೆ ಯಾರೂ ದೂರು ಹೇಳುವುದಿಲ್ಲ.

ಖಿನ್ನತೆಗೂ ಇದಕ್ಕೂ ವ್ಯತ್ಯಾಸ ಕಾಲದಲ್ಲಿದೆ. ಖಿನ್ನತೆಗೆ ಸಾಮಾನ್ಯವಾಗಿ "ಅದಕ್ಕೆ ಮೊದಲು ಸರಿಯಾಗಿದ್ದೆ" ಎನ್ನುವ ಒಂದು ಕಾಲವಿರುತ್ತದೆ, ಇಷ್ಟದ ಕೆಲಸದ ಮೇಲೂ ಮನಸ್ಸಿರುವುದಿಲ್ಲ. ಆತಂಕದಲ್ಲಿ ಗಮನವನ್ನು ಚಿಂತೆ ಹಿಡಿದಿಟ್ಟಿರುತ್ತದೆ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಗೊರಕೆಯೊಂದಿಗೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ಬರೀ ನಿದ್ದೆಗೇಡು, ಇವೂ ಹೀಗೇ ಕಾಣಿಸಬಲ್ಲವು. ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ರಕ್ತಪರೀಕ್ಷೆ ಬರೆದುಕೊಟ್ಟರೆ ಅದು ಬೇರೆ ಕಾರಣಗಳನ್ನು ಬದಿಗಿಡಲು. ಎಡಿಎಚ್‌ಡಿಯ ಜೊತೆಗೇ ಖಿನ್ನತೆ ಅಥವಾ ಆತಂಕ ಇರುವುದೂ ಸಾಮಾನ್ಯ.

ಆನ್‌ಲೈನ್‌ನಲ್ಲಿ ಸಿಗುವುದರಲ್ಲಿ ಎಎಸ್‌ಆರ್‌ಎಸ್ ಎಂಬ 18 ಪ್ರಶ್ನೆಗಳ ಪಟ್ಟಿ ನೆಚ್ಚಬಹುದಾದದ್ದು. ಆದರೆ ಒಂದು ಸೂಕ್ಷ್ಮವಿದೆ. ಅದರ ಮೊದಲ ಭಾಗದ 6 ಪ್ರಶ್ನೆಗಳಲ್ಲಿ 4ಕ್ಕೆ ನೆರಳು ಹಾಕಿದ ಚೌಕದಲ್ಲಿ ಗುರುತು ಬಿದ್ದರೆ ಮುಂದಿನ ಪರೀಕ್ಷೆ ಬೇಕು ಎಂದರ್ಥ. ಆ 6ರಲ್ಲಿ ಕೊನೆಯ 2 ಚಡಪಡಿಕೆಗೆ ಸೇರಿದವು. ಹಾಗಾಗಿ ಬರೀ ಗಮನದ ತೊಂದರೆ ಇರುವವರು 4 ಮುಟ್ಟಬೇಕಾದರೆ ಉಳಿದ ನಾಲ್ಕಕ್ಕೆ ನಾಲ್ಕೂ ಬೀಳಬೇಕು. 3 ಬಂದಿತೆಂದು ಸುಮ್ಮನಾಗಬೇಡಿ.

ಒಯ್ಯಬೇಕಾದ್ದು: ಪ್ರಾಥಮಿಕ ಶಾಲೆಯ ಅಂಕಪಟ್ಟಿಗಳು (ಅಂಕಕ್ಕಿಂತ ಶಿಕ್ಷಕರ ಷರಾ ಮುಖ್ಯ), ಬಾಲ್ಯದಲ್ಲಿ ನಿಮ್ಮನ್ನು ಕಂಡ ಅಪ್ಪ, ಅಮ್ಮ ಅಥವಾ ಅಕ್ಕನ ಮಾತು, ಎರಡು ವಾರದ ನಿದ್ದೆಯ ದಾಖಲೆ, ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ. ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗಿದ್ದರೆ ಅದನ್ನೂ ಹೇಳಿ. ಅವಳಿಗಳ ಅಧ್ಯಯನಗಳ ಪ್ರಕಾರ ಇದರ ಆನುವಂಶಿಕತೆ (ಜನರ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು) ಶೇ. 70ರಿಂದ 80ರಷ್ಟು. "ಮರೆವು ಜಾಸ್ತಿ" ಎನ್ನುವ ಬದಲು "ಮೂರು ತಿಂಗಳಲ್ಲಿ ಎರಡು ಬಿಲ್ಲು, ದುಡ್ಡಿದ್ದೂ ಗಡುವು ದಾಟಿದವು" ಎಂದು ಬರೆದುಕೊಂಡು ಹೋಗಿ.

ಗೋಡೆಗಡಿಯಾರ

ದಿನನಿತ್ಯದ ವಿಷಯಕ್ಕೆ ಬರ್ತೀನಿ. ಏನು ಮಾಡಬೇಕು ಅಂತ ಎಡಿಎಚ್‌ಡಿ ಇರೋರಿಗೆ ಚೆನ್ನಾಗೇ ಗೊತ್ತಿರುತ್ತೆ, ಮಾಡಬೇಕಾದ ಗಳಿಗೆಯಲ್ಲಿ ಅದು ತಲೆಗೆ ಬರಲ್ಲ. ಆದ್ದರಿಂದ ನೆನಪಿನ ಚೀಟಿ ಕೆಲಸ ನಡೆಯುವ ಜಾಗದಲ್ಲೇ ಇರಬೇಕು. ಬಾಗಿಲಿನಿಂದ ಆಚೆ ಒಯ್ಯಬೇಕಾದ ಕವರ್ ಮೇಜಿನ ಮೇಲಿದ್ದರೆ ಅಲ್ಲೇ ಉಳೀತು ಅಂತ ಲೆಕ್ಕ. ಚಪ್ಪಲಿ ಮೇಲಿಡಿ, ಅದನ್ನು ಎತ್ತದೆ ಚಪ್ಪಲಿ ಹಾಕೋಕಾಗಲ್ಲ.

ಪಟ್ಟಿಯಲ್ಲಿ "ವರದಿ ಮುಗಿಸು" ಅಂತ ಬರೆದರೆ ಆ ಸಾಲು ವಾರಗಟ್ಟಲೆ ಅಲ್ಲೇ ಕೂತಿರುತ್ತೆ, ಯಾಕಂದ್ರೆ ಅದರಲ್ಲಿ ಕೈಯಿಂದ ಮಾಡೋ ಕೆಲಸವೇ ಇಲ್ಲ. ಹೀಗೆ ಬರೆಯಿರಿ: ಹೋದ ತಿಂಗಳ ಫೈಲ್ ತೆರೆ. ಹೊಸ ಹೆಸರಲ್ಲಿ ಸೇವ್ ಮಾಡು. ಮೊದಲ ಕೋಷ್ಟಕದ ಹಳೇ ಅಂಕಿ ಅಳಿಸು. ಮೂರನೇ ಸಾಲಿಗೆ ಬರೋ ಹೊತ್ತಿಗೆ ಸಾಮಾನ್ಯವಾಗಿ ಕೈ ತಾನಾಗಿ ಓಡೋಕೆ ಶುರುವಾಗಿರುತ್ತೆ. ಮೊದಲ ಹೆಜ್ಜೆ ಎರಡು ನಿಮಿಷಕ್ಕಿಂತ ದೊಡ್ಡದಾಗಿದ್ರೆ ಇನ್ನೂ ಒಡೆಯಿರಿ.

ಇನ್ನೊಂದು ವಿಧಾನ ಸಿಬಿಟಿ (ಯೋಚನೆ, ನಡವಳಿಕೆ ತಿದ್ದಿಕೊಳ್ಳೋ ಮಾತಿನ ಚಿಕಿತ್ಸೆ) ಅನ್ನೋದ್ರಲ್ಲಿ ಹೇಳಿಕೊಡ್ತಾರೆ. ಬೇಜಾರಿನ ಕೆಲಸ ಒಂದಕ್ಕೆ ಕೂತು, ಮನಸ್ಸು ಮೊದಲ ಸಲ ಆಚೆ ಹೋಗೋಕೆ ಎಷ್ಟು ನಿಮಿಷ ಆಯ್ತು ಅಂತ ಅಳೆಯಿರಿ. ಮೂರು ದಿನ ಅಳೆದು ಸರಾಸರಿ ತೆಗೆಯಿರಿ. 12 ನಿಮಿಷ ಬಂತು ಅನ್ನಿ, ಟೈಮರ್ 12ಕ್ಕೇ ಇಡಿ, 25ಕ್ಕೆ ಬೇಡ. ಪಕ್ಕದಲ್ಲಿ ಒಂದು ಖಾಲಿ ಹಾಳೆ ಇರಲಿ. "ಅವರಿಗೆ ಫೋನ್ ಮಾಡಬೇಕಿತ್ತು" ಅಂತ ಹೊಳೆದ ತಕ್ಷಣ ಎದ್ದು ಹೋಗದೆ ಹಾಳೆಯಲ್ಲಿ ಗೀಚಿ ವಾಪಸ್ ಬನ್ನಿ. ಟೈಮರ್ ಹೊಡೆದಾಗ ಹಾಳೆ ನೋಡಿ. ಬರೆದಿದ್ರಲ್ಲಿ ಅರ್ಧಕ್ಕರ್ಧ ಆ ಹೊತ್ತಿಗೆ ಮುಖ್ಯ ಅನ್ನಿಸೋದೇ ಇಲ್ಲ.

ಸಮಯದ ಅಂದಾಜು ಇವರಿಗೆ ಯಾವಾಗಲೂ ಕಡಿಮೆ ಬರುತ್ತೆ. ಎಣಿಸಿದ್ದರ ಒಂದೂವರೆ ಪಟ್ಟು ಇಡಿ. ಹೊರಡೋ ವಿಷಯದಲ್ಲಿ ತಲುಪಬೇಕಾದ ಹೊತ್ತಿಗೆ ಅಲಾರಂ ಇಟ್ಟು ಪ್ರಯೋಜನ ಇಲ್ಲ, ಮಾಡ್ತಿರೋದನ್ನ ನಿಲ್ಲಿಸೋ ಹೊತ್ತಿಗೆ ಒಂದು, ಬಾಗಿಲು ದಾಟೋ ಹೊತ್ತಿಗೆ ಇನ್ನೊಂದು ಬೇಕು.

ಹಾಳೆ_ಪೆನ್ಸಿಲ್

ಧನ್ಯವಾದ ಇಬ್ಬರಿಗೂ. ಅಲಾರಂ ಒಂದು ವಾರ ಕೆಲಸ ಮಾಡಿ ಆಮೇಲೆ ಕಿವಿಗೇ ಬೀಳುವುದಿಲ್ಲವಲ್ಲ, ಅದಕ್ಕೆ ಏನು ಮಾಡಬೇಕು? ಮಾತ್ರೆಗಳ ಬಗ್ಗೆಯೂ ಯಾರಾದರೂ ಹೇಳುತ್ತೀರಾ?

ಬಿಳಿಹಾಳೆ

ಅಲಾರಂ ಕಿವಿಗೆ ಬೀಳದಿರುವುದಕ್ಕೆ ಮುಖ್ಯ ಕಾರಣ ಅವುಗಳ ಸಂಖ್ಯೆ. ದಿನಕ್ಕೆ ಹದಿನೈದು ಇದ್ದರೆ ಎಲ್ಲವೂ ಬರೀ ಸದ್ದು. ಎದ್ದು ಹೋಗಲೇಬೇಕಾದ ಮೂರ್ನಾಲ್ಕನ್ನು ಉಳಿಸಿ ಉಳಿದವನ್ನು ತೆಗೆಯಿರಿ. "ಮೀಟಿಂಗ್" ಎಂಬ ಹೆಸರಿನ ಬದಲು "ಪೆನ್ ಕೆಳಗಿಡು, ಎದ್ದು ನಿಲ್ಲು" ಎಂದು ಬರೆಯಿರಿ. ಫೋನನ್ನು ಕೈಗೆಟುಕದ ಕಡೆ ಇಡಿ. ಯಾವ ಉಪಾಯವೂ ಹಳತಾಗುತ್ತದೆ, ಆಗ ಸೋತೆನೆಂದು ಎಲ್ಲವನ್ನೂ ಕೈಬಿಡದೆ ಸದ್ದು, ಬಣ್ಣ, ಜಾಗ ಬದಲಿಸಿ ಮುಂದುವರಿಸಿ. ಜೊತೆಗೆ ಯಾರಾದರೂ ಪಕ್ಕದಲ್ಲಿ ಕೂತು ಅವರ ಕೆಲಸ ಅವರು ಮಾಡುತ್ತಿದ್ದರೂ ಸಾಕು, ಅದು ಹಲವರಿಗೆ ಅಲಾರಂಗಿಂತ ಚೆನ್ನಾಗಿ ಹಿಡಿಯುತ್ತದೆ. ವಿಡಿಯೋ ಕರೆಯಲ್ಲೂ ಆಗುತ್ತದೆ.

ಮಾತ್ರೆಗಳ ಪೈಕಿ ಹೆಚ್ಚು ಬಳಕೆಯಲ್ಲಿರುವುದು ಮೀಥೈಲ್‌ಫೆನಿಡೇಟ್. ಸಾದಾ ಮಾತ್ರೆಯ ಪ್ರಭಾವ 3ರಿಂದ 4 ಗಂಟೆ, ನಿಧಾನವಾಗಿ ಬಿಡುಗಡೆಯಾಗುವ ಬಗೆಯದು ಸುಮಾರು 8ರಿಂದ 12 ಗಂಟೆ. ಹಸಿವು ತಗ್ಗಿಸುತ್ತದೆ, ಆದ್ದರಿಂದ ಮಾತ್ರೆಗೆ ಮೊದಲೇ ತಿಂಡಿ ತಿನ್ನಿ. ತಡವಾಗಿ ತೆಗೆದುಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಸಂಜೆ ಪ್ರಭಾವ ಇಳಿಯುವಾಗ ಕೆಲವರಿಗೆ ಸಿಡಿಮಿಡಿ ಬರುತ್ತದೆ, ಅದು ಎಷ್ಟು ಗಂಟೆಗೆ ಎಂದು ಬರೆದಿಟ್ಟರೆ ಡೋಸ್ ಹೊಂದಿಸಲು ವೈದ್ಯರಿಗೆ ಸುಲಭ. ಆಟೊಮಾಕ್ಸೆಟಿನ್ ಬೇರೆ ಗುಂಪಿನದು. ಅದರ ಪೂರ್ಣ ಪ್ರಭಾವ ಕಾಣಲು ಹಲವು ವಾರ ಬೇಕು, ಮೊದಲ ವಾರವೇ ಏನೂ ಆಗಲಿಲ್ಲವೆಂದು ಬಿಟ್ಟುಬಿಡುವವರು ಅದಕ್ಕೆ ಅವಕಾಶವನ್ನೇ ಕೊಟ್ಟಿರುವುದಿಲ್ಲ. ಹೊಟ್ಟೆ ತೊಳಸಿದರೆ ಊಟದ ಜೊತೆ ತೆಗೆದುಕೊಳ್ಳಿ.

ಗೋಡೆಗಡಿಯಾರ ಅವರು ಹೇಳಿದ ಪಟ್ಟಿ ಮಾತ್ರೆ ತೆಗೆದುಕೊಳ್ಳುವವರಿಗೂ ಬೇಕು. ಮಾತ್ರೆ ಹಿಡಿಯುವ ಹೊತ್ತಿನಲ್ಲಿ ಎದುರಿಗೆ ಏನಿರುತ್ತದೋ ಗಮನ ಅದಕ್ಕೇ ಅಂಟುತ್ತದೆ; ಫೋನ್ ಇದ್ದರೆ ಬೆಳಗೆಲ್ಲ ಫೋನ್. ಹಿಂದಿನ ರಾತ್ರಿಯೇ ಮರುದಿನದ ಮೊದಲ ಫೈಲ್ ತೆರೆದಿಟ್ಟು ಮಲಗಿ.

ಮಾತ್ರೆ ಶುರು ಮಾಡುವ ಮುನ್ನ ಬಿಪಿ, ನಾಡಿಬಡಿತ, ತೂಕ ಅಳೆಸಿ, ಡೋಸ್ ಬದಲಾದಾಗಲೆಲ್ಲ ಮತ್ತೆ ಅಳೆಸಿ. ಹೃದಯದ ತೊಂದರೆ, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು, ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ಹೊಯ್ದಾಡುವುದು), ಇವುಗಳಲ್ಲಿ ಯಾವುದಿದ್ದರೂ ವೈದ್ಯರು ಕೇಳದಿದ್ದರೂ ನೀವಾಗಿ ಹೇಳಿ. ಎದೆನೋವು, ತಲೆಸುತ್ತಿ ಬೀಳುವುದು, ಎದೆ ವಿಪರೀತ ಬಡಿದುಕೊಳ್ಳುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ತೋರಿಸಿ.