ದೇವರನ್ನು ನಂಬದ ನಾವು ಈಸ್ಟರ್ ಮಾಡೋದು ಹೇಗೆ? ಸ್ವೀಡನ್ ಕಡೆ ಇರುವವರು ದಯವಿಟ್ಟು ಹೇಳಿ

ಬೆಣ್ಣೆದೋಸೆ:

ಎಲ್ಲರಿಗೂ ನಮಸ್ಕಾರ. ನಾವು ಗೋಥೆನ್‌ಬರ್ಗ್‌ಗೆ ಬಂದು ಎರಡು ವರ್ಷ ಆಯಿತು. ನಾನು, ನನ್ನ ಗಂಡ ಇಬ್ಬರೂ ದೇವರನ್ನು ನಂಬುವವರಲ್ಲ. ಮದುವೆ ಆಗಿದ್ದೂ ರಿಜಿಸ್ಟರ್ ಆಫೀಸಿನಲ್ಲಿ. ದಾವಣಗೆರೆಯಲ್ಲಿದ್ದಾಗ ಇದೊಂದು ವಿಷಯ ಅಂತಲೇ ಅನಿಸಿರಲಿಲ್ಲ, ಯಾಕಂದ್ರೆ ನಾವು ಏನೂ ಮಾಡದೇ ಇದ್ದರೂ ಅಮ್ಮನ ಮನೆಯಿಂದ ಹೋಳಿಗೆ, ಅತ್ತೆ ಮನೆಯಿಂದ ಕಡುಬು ಬರುತ್ತಿತ್ತು, ಓಣಿ ತುಂಬ ರಂಗೋಲಿ ಇರುತ್ತಿತ್ತು, ಹಬ್ಬ ತಾನಾಗೇ ಬಂದು ಹೋಗುತ್ತಿತ್ತು. ಇಲ್ಲಿ ನಾವು ಮಾಡಲಿಲ್ಲ ಅಂದ್ರೆ ಇಲ್ಲ, ಅಷ್ಟೇ.

ಮಗಳಿಗೆ ಆರು ವರ್ಷ. ಹೋದ ವಾರ ಶಾಲೆಯಿಂದ ಬರ್ಚ್ ಮರದ ಒಣ ಕಡ್ಡಿಗಳ ಕಟ್ಟು ತಂದಳು, ತುದಿಗೆಲ್ಲ ಹಳದಿ, ಕೆಂಪು ಬಣ್ಣದ ಪುಕ್ಕ ಕಟ್ಟಿದ್ದಾರೆ. ನೀರಿನ ಹೂಜಿಯಲ್ಲಿ ಇಟ್ಟಿದ್ದೇವೆ. ಈಗ ಅದರಲ್ಲಿ ಸಣ್ಣ ಸಣ್ಣ ಹಸಿರು ಚಿಗುರು ಒಡೆದಿದೆ. ವಿಡಿಯೋ ಕಾಲ್‌ನಲ್ಲಿ ಅತ್ತೆ ನೋಡಿ "ಕೋಳಿ ಪುಕ್ಕ ಯಾಕೆ ಮನೆ ಒಳಗೆ ತಂದಿದ್ದೀರಿ" ಅಂತ ಗಾಬರಿ ಆದರು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಒಬ್ಬರೇ. ಶನಿವಾರ ಮಧ್ಯಾಹ್ನ ಊಟಕ್ಕೆ ಬನ್ನಿ ಅಂದಿದ್ದಾರೆ. ಆಮೇಲೆ ಭಾನುವಾರ ಚರ್ಚಿಗೆ ಹೋಗುತ್ತೀರಾ ಅಂತ ಕೇಳಿದೆ. ಇಲ್ಲಮ್ಮ, ನನಗೆ ಆ ನಂಬಿಕೆ ಇಲ್ಲ, ಆದರೆ ಈಸ್ಟರ್ ಮಾತ್ರ ಬಿಟ್ಟಿಲ್ಲ ಅಂದರು. ಅದು ನನ್ನ ತಲೆಯಲ್ಲೇ ಕೂತಿದೆ. ರಾತ್ರಿ ಮಗಳು ಬೇರೆ ಕೇಳಿದಳು, "ಅಮ್ಮ, ನಾವು ಈಸ್ಟರ್‌ನವರಾ, ಯುಗಾದಿಯವರಾ?" ಏನು ಹೇಳಬೇಕೋ ಗೊತ್ತಾಗಲಿಲ್ಲ.

ನಂಬಿಕೆ ಇಲ್ಲದವರು ಇಲ್ಲಿ ಈ ನಾಲ್ಕು ದಿನ ನಿಜವಾಗಿ ಏನು ಮಾಡುತ್ತಾರೆ? ಊಟಕ್ಕೆ ಏನು ತೆಗೆದುಕೊಂಡು ಹೋಗಲಿ? ನಾವು ಮೊಟ್ಟೆ ತಿನ್ನುತ್ತೇವೆ, ಮೀನು ಮಾಂಸ ಇಲ್ಲ. ಮಗಳಿಗೆ ಸುಳ್ಳು ಹೇಳದೆ ಏನು ಹೇಳಲಿ?

ಉಪ್ಸಲಾ ಕನ್ನಡಿಗ:

ಅಕ್ಕ, ನಾನು ಇಲ್ಲಿಗೆ ಬಂದು 14 ವರ್ಷ ಆಯಿತು, ಗೊತ್ತಿರುವಷ್ಟು ಹೇಳುತ್ತೇನೆ. ಇಲ್ಲಿನವರು ಈಸ್ಟರ್‌ಗೆ ಪೋಸ್ಕ್ ಅನ್ನುತ್ತಾರೆ. ಶುಕ್ರವಾರ, ಸೋಮವಾರ ಎರಡೂ ರಜೆ. ಆದರೆ ಮನೆಗಳಲ್ಲಿ ದೊಡ್ಡ ದಿನ ಶನಿವಾರ, ಭಾನುವಾರ ಅಲ್ಲ. ಕ್ರಿಸ್‌ಮಸ್‌ನ ಹಾಗೇ ಇದೂ ಹಿಂದಿನ ದಿನದ ಹಬ್ಬ. ನಿಮ್ಮ ಅಜ್ಜಿ ಶನಿವಾರ ಕರೆದಿದ್ದು ಅದಕ್ಕೇ. ಅಂದರೆ ಅವರ ವರ್ಷದ ಮುಖ್ಯ ಊಟಗಳಲ್ಲಿ ಒಂದಕ್ಕೆ ನಿಮ್ಮನ್ನು ಕೂರಿಸಿಕೊಳ್ಳುತ್ತಿದ್ದಾರೆ. ತಪ್ಪಿಸಬೇಡಿ.

ಇಲ್ಲಿ ಚರ್ಚು ಸರ್ಕಾರದಿಂದ ಬೇರೆಯಾಗಿದ್ದೇ 2000ದಲ್ಲಿ. ಈಗಲೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಅದರ ಸದಸ್ಯರು, ಆದರೆ ವಾರ ವಾರ ಹೋಗುವವರು ತೀರಾ ಕಡಿಮೆ. ನನ್ನ ಆಫೀಸಿನವರನ್ನು ಕೇಳಿದರೆ ಈಸ್ಟರ್ ಅಂದರೆ ಚಳಿಗಾಲ ಮುಗಿಯಿತು, ಬೇಸಿಗೆ ಮನೆಯ ಬೀಗ ತೆಗೆಯಬೇಕು, ಅಮ್ಮನ ಮನೆಗೆ ಹೋಗಬೇಕು, ಇಷ್ಟೇ ಹೇಳುತ್ತಾರೆ. ಕಡಿಮೆ ಅನಿಸಬಹುದು. ಆದರೆ ನವೆಂಬರಿಂದ ಮಧ್ಯಾಹ್ನ ಮೂರೂವರೆಗೇ ಕತ್ತಲೆ ನೋಡಿದವರಿಗೆ ಬೆಳಕು ವಾಪಸ್ ಬರೋದು ಸಣ್ಣ ವಿಷಯ ಅಲ್ಲ ಅಲ್ವಾ? ನಿಮಗೂ ಈಗ ಎರಡು ಚಳಿಗಾಲ ಆಗಿದೆ, ಗೊತ್ತಾಗಿರುತ್ತೆ.

ಊಟದ ವಿಷಯ. ಮೊಟ್ಟೆ ಇದ್ದೇ ಇರುತ್ತೆ, ಅರ್ಧ ಕತ್ತರಿಸಿ ಮೇಲೆ ಏನಾದರೂ ಇಟ್ಟಿರುತ್ತಾರೆ. ಉಪ್ಪಿನಕಾಯಿ ಥರ ಹುಳಿಗೆ ಹಾಕಿದ ಹೆರಿಂಗ್ ಮೀನು, ಸಾಲ್ಮನ್, ಕೆಲವರ ಮನೆಯಲ್ಲಿ ಕುರಿ ಮಾಂಸ. ಒಂದು ಎಚ್ಚರಿಕೆ, ಯಾನ್ಸೋನ್ಸ್ ಫ್ರೆಸ್ಟೆಲ್ಸೆ ಅಂತ ಒಂದು ಅಡುಗೆ ಬರುತ್ತೆ, ನೋಡಲು ಬರೀ ಆಲೂಗಡ್ಡೆ, ಈರುಳ್ಳಿ, ಕೆನೆ. ಒಳಗೆ ಸಣ್ಣ ಮೀನು ಇರುತ್ತೆ. ಮೊದಲೇ ಫೋನ್ ಮಾಡಿ ಹೇಳಿಬಿಡಿ, ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯಲ್ಲ. ಮಗಳಿಗೆ ಕಾಗದದ ದೊಡ್ಡ ಮೊಟ್ಟೆ ಸಿಗುತ್ತೆ, ತುಂಬ ಮಿಠಾಯಿ. ಆ ಮೆತ್ತನೆ ಮಿಠಾಯಿಗಳಲ್ಲಿ ಬಹಳಷ್ಟಕ್ಕೆ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಹಾಕಿರುತ್ತಾರೆ, ಬೇಡ ಅಂದರೆ ಪ್ಯಾಕೆಟ್ ಓದಿ.

ತೆಗೆದುಕೊಂಡು ಹೋಗಲು ಹಳದಿ ಡ್ಯಾಫೋಡಿಲ್ ಹೂವಿನ ಕುಂಡ ಸಾಕು. ಅದಕ್ಕಿಂತ ಒಳ್ಳೆಯದು ನೀವೇ ಬಣ್ಣ ಹಾಕಿದ ಮೊಟ್ಟೆ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಮಾಡುತ್ತೇವೆ. ಎಂಟು ಹತ್ತು ಈರುಳ್ಳಿಯ ಒಣ ಸಿಪ್ಪೆ ಈಗಿನಿಂದಲೇ ಎತ್ತಿಡಿ. ಸಿಪ್ಪೆ ಮುಳುಗುವಷ್ಟು ನೀರು, ಎರಡು ಚಮಚ ವಿನೆಗರ್, ಇಪ್ಪತ್ತು ನಿಮಿಷ ಕುದಿಸಿ, ಆರಿಸಿ. ಬಿಳಿ ಮೊಟ್ಟೆ ಮೇಲೆ ಒಂದು ಕೊತ್ತಂಬರಿ ಎಲೆ ಒದ್ದೆ ಮಾಡಿ ಅಂಟಿಸಿ, ಹಳೆ ನೈಲಾನ್ ಕಾಲುಚೀಲದ ತುಂಡಲ್ಲಿ ಬಿಗಿಯಾಗಿ ಕಟ್ಟಿ, ಆ ನೀರಲ್ಲೇ ಹತ್ತು ನಿಮಿಷ ಬೇಯಿಸಿ. ಬಿಚ್ಚಿದಾಗ ಮೊಟ್ಟೆ ಇಟ್ಟಿಗೆ ಕೆಂಪು, ಎಲೆ ಇದ್ದ ಕಡೆ ಮಾತ್ರ ಬೆಳ್ಳಗೆ ಅಚ್ಚು, ಎಲೆಯ ನರ ಕೂಡ ಕಾಣುತ್ತೆ. ಮೇಲೆ ಒಂದು ಹನಿ ಎಣ್ಣೆ ಸವರಿ. ಅರಿಶಿನ ಹಾಕಿ ಕುದಿಸಿದರೆ ಹಳದಿ ಬರುತ್ತೆ.

ನೀವು ಗೋಥೆನ್‌ಬರ್ಗ್‌ನಲ್ಲಿರೋದರಿಂದ ಇನ್ನೊಂದು ಇದೆ. ಮಕ್ಕಳು ತಲೆಗೆ ಬಟ್ಟೆ ಕಟ್ಟಿ, ಕೆನ್ನೆಗೆ ಕೆಂಪು ಬಳಿದು, ಮೂಗಿನ ಮೇಲೆ ಚುಕ್ಕಿ ಇಟ್ಟು ಮುದುಕಿ ಮಾಟಗಾತಿ ವೇಷ ಹಾಕುತ್ತಾರೆ. ನಮ್ಮ ಕಡೆ ಗುರುವಾರ, ನಿಮ್ಮ ಪಶ್ಚಿಮದ ಕಡೆ ಶನಿವಾರ. ನಿಮ್ಮ ಕಡೆ ಹಳೆ ಪದ್ಧತಿಯಲ್ಲಿ ಹೆಸರು ಬರೆಯದೆ ಚಿತ್ರದ ಕಾಗದ ಬಾಗಿಲಿಗೆ ಹಾಕಿ ಓಡಿಹೋಗಬೇಕು, ಯಾರು ಹಾಕಿದ್ದು ಅಂತ ಮನೆಯವರು ಊಹಿಸಬೇಕು. ರಾತ್ರಿ ದೊಡ್ಡ ಬೆಂಕಿ ಹಾಕುತ್ತಾರೆ. ಹೋಗಿ ನೋಡಿ.

ನೇರಮಾತು:

ಮೈಸೂರಿಂದ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ನನಗೆ ಅರ್ಥ ಆಗದ ವಿಷಯ ಇದು. ನಂಬಿಕೆ ಇಲ್ಲ ಅಂದಮೇಲೆ ಹಬ್ಬ ಯಾಕೆ? ಇಲ್ಲಿಯ ಹಬ್ಬ ಬಿಟ್ಟು ಅಲ್ಲಿಯ ಹಬ್ಬ ಹಿಡಿದರೆ ಮಗು ಏನು ಕಲಿಯುತ್ತೆ? ನಾನೂ ದೇವರನ್ನು ನಂಬಲ್ಲ, ಹಾಗಾಗಿ ಯಾವ ಹಬ್ಬವನ್ನೂ ಮಾಡಲ್ಲ. ಅದು ನೇರ. ಇನ್ನೊಂದು, ಈಸ್ಟರ್ ಮೂಲದಲ್ಲಿ ಕ್ರೈಸ್ತರದ್ದೇ ಅಲ್ಲ, ಈಯೋಸ್ತ್ರೆ ಅನ್ನೋ ವಸಂತ ದೇವತೆಯ ಹಬ್ಬ, ಮೊಟ್ಟೆ, ಮೊಲ ಎಲ್ಲ ಅವಳದ್ದು ಅಂತ ಓದಿದ್ದೇನೆ. ಮಗಳಿಗೆ ಅದನ್ನೇ ಹೇಳಿಬಿಡಿ, ಸಮಸ್ಯೆ ಮುಗಿಯಿತು.

ಕುಡ್ಲದ ಮಗ:

ನೇರಮಾತು ಸರ್, ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ, ಯಾಕಂದ್ರೆ ಇದು ಎಲ್ಲ ಕಡೆ ಓಡಾಡುತ್ತಿದೆ. ಈಯೋಸ್ತ್ರೆ ಬಗ್ಗೆ ನಮಗೆ ಸಿಗುವ ಹಳೆಯ ಬರಹ ಒಂದೇ, 725ರ ಸುಮಾರಿಗೆ ಇಂಗ್ಲೆಂಡಿನ ಬೀಡ್ ಅನ್ನೋ ಸನ್ಯಾಸಿ ಬರೆದ ಒಂದೆರಡು ಸಾಲು. ಅದರಲ್ಲಿ ಮೊಟ್ಟೆಯೂ ಇಲ್ಲ, ಮೊಲವೂ ಇಲ್ಲ. ಮೊಟ್ಟೆ ತರುವ ಮೊಲದ ಕತೆ ಬರಹದಲ್ಲಿ ಕಾಣೋದು ಜರ್ಮನಿಯಲ್ಲಿ, 1682ರಲ್ಲಿ. ಮೊಟ್ಟೆಗೆ ಕಾರಣ ಇನ್ನೂ ಸರಳ. ಈಸ್ಟರ್‌ಗೆ ಮುಂಚಿನ 40 ದಿನದ ಉಪವಾಸದಲ್ಲಿ ಹಿಂದೆ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿಗೆ ಅದು ಗೊತ್ತಾ? ಬೆಳಕು ಜಾಸ್ತಿ ಆದ ಹಾಗೆ ಅದು ಇಡುತ್ತಲೇ ಇತ್ತು, ಹಬ್ಬದ ದಿನಕ್ಕೆ ಮನೆ ತುಂಬ ಮೊಟ್ಟೆ.

ಹೆಸರು ಕೂಡ. ಸ್ವೀಡನ್‌ನ ಪೋಸ್ಕ್, ನಮ್ಮ ಮನೆಯ ಕೊಂಕಣಿಯ ಪಾಸ್ಕಾಂಚೆಂ ಫೆಸ್ತ್, ಕನ್ನಡ ಕ್ರೈಸ್ತರ ಪಾಸ್ಖ ಹಬ್ಬ, ಮೂರೂ ಒಂದೇ ಪದ, ಯಹೂದಿಗಳ ಪೆಸಾಖ್ ಹಬ್ಬದಿಂದ ಬಂದಿದ್ದು. ಅಕ್ಕನ ಕೆಳಗಿನ ಮನೆಯ ಅಜ್ಜಿ ಮತ್ತು ಮಂಗಳೂರಿನ ನನ್ನ ಅಮ್ಮ ಈ ಹಬ್ಬವನ್ನು ಒಂದೇ ಹೆಸರಿಂದ ಕರೆಯುತ್ತಾರೆ. ನನಗೆ ಇದು ತುಂಬ ಇಷ್ಟದ ವಿಷಯ.

ನಾನು ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವನು. ಈಗ ಲೈಪ್‌ಝಿಗ್‌ನಲ್ಲಿದ್ದೇನೆ. ನಂಬಿಕೆ ಹೋಗಿ ಹತ್ತು ವರ್ಷದ ಮೇಲಾಯಿತು. ಚಿಕ್ಕವನಿದ್ದಾಗ ಶನಿವಾರ ರಾತ್ರಿ ಚರ್ಚಿನ ಹೊರಗೆ ಬೆಂಕಿ ಹಾಕಿ, ಅದರಿಂದ ಒಂದು ದೊಡ್ಡ ಮೇಣದಬತ್ತಿ ಹಚ್ಚಿ, ಒಳಗೆ ಒಂದು ದೀಪವೂ ಇಲ್ಲದ ಕತ್ತಲೆಗೆ ತರುತ್ತಿದ್ದರು. ಅದರಿಂದ ಒಬ್ಬರು, ಅವರಿಂದ ಪಕ್ಕದವರು, ಹೀಗೆ ಹಚ್ಚುತ್ತಾ ಹೋಗಿ ಕೊನೆಗೆ ಎಲ್ಲರ ಮುಖ ಕಾಣುತ್ತಿತ್ತು. ಅಮ್ಮ ನನ್ನ ಬತ್ತಿಗೆ ಕಾಗದದ ಬಟ್ಟಲು ಮಾಡಿಕೊಡುತ್ತಿದ್ದಳು, ಬಿಸಿ ಮೇಣ ಕೈಗೆ ಬೀಳದಿರಲಿ ಅಂತ. ಮರುದಿನ ಸನ್ನ ಅನ್ನೋ ನಮ್ಮ ಕಡೆಯ ಇಡ್ಲಿ, ಮಾಂಸದ ಸಾರು, ಮನೆ ತುಂಬ ಜನ.

ಇಲ್ಲಿ ಪೂರ್ವ ಜರ್ಮನಿಯಲ್ಲಿ ನನ್ನ ಸುತ್ತ ಇರುವವರಲ್ಲಿ ಮುಕ್ಕಾಲು ಪಾಲು ಯಾವ ಧರ್ಮದವರೂ ಅಲ್ಲ. ಅವರೂ ಮರಕ್ಕೆ ಮೊಟ್ಟೆ ಕಟ್ಟುತ್ತಾರೆ, ಮಕ್ಕಳಿಗೆ ತೋಟದಲ್ಲಿ ಮೊಟ್ಟೆ ಬಚ್ಚಿಡುತ್ತಾರೆ. ಗುಡ್ ಫ್ರೈಡೇ ದಿನ ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ಸಾರ್ವಜನಿಕವಾಗಿ ಡಾನ್ಸ್ ನಡೆಸಲು ಕಾನೂನೇ ಬಿಡಲ್ಲ, ನಂಬದವರಿಗೂ ಅದೇ ನಿಯಮ. ಅದರ ಬಗ್ಗೆ ನನಗೆ ತಕರಾರಿದೆ, ನಂಬಿಕೆ ಇಲ್ಲದವರ ಮೇಲೆ ಮೌನ ಹೇರಬಾರದು. ಆದರೆ ಆ ಸಂಜೆ ನಾನಾಗೇ ಹಳೆಯ ಕಾಲದ ಸಂಗೀತಗಾರ ಬಾಖ್ ಯೇಸುವಿನ ಸಾವಿನ ಬಗ್ಗೆ ರಚಿಸಿದ ಸೇಂಟ್ ಜಾನ್ ಪ್ಯಾಷನ್ ಕೇಳಲು ಹೋಗುತ್ತೇನೆ. 1724ರ ಗುಡ್ ಫ್ರೈಡೇ ದಿನ ಅವನು ಇದೇ ಊರಿನ ಸೇಂಟ್ ನಿಕೋಲಸ್ ಚರ್ಚಿನಲ್ಲಿ ಮೊದಲ ಸಲ ಕೇಳಿಸಿದ ಕೃತಿ ಅದು. ನನ್ನ ಪಕ್ಕದಲ್ಲಿ ಕೂರುವ ಗೆಳೆಯನೂ ನಂಬದವನೇ. ಇಬ್ಬರೂ ಅಳುತ್ತೇವೆ. ಒಬ್ಬ ಮನುಷ್ಯನನ್ನು ಅವನ ಜನವೇ ಕೈಬಿಟ್ಟ ಕತೆ ಅದು, ಅಳಲು ಅಷ್ಟು ಸಾಕು.

ಅಕ್ಕ, ಮಗಳಿಗೆ ನೇರವಾಗಿ ಹೇಳಿ. ಯೇಸು ಸತ್ತು ಮೂರನೇ ದಿನ ಎದ್ದು ಬಂದ ಅಂತ ಕ್ರೈಸ್ತರು ನಂಬುತ್ತಾರೆ, ಅವರಿಗೆ ಇದು ಎಲ್ಲಕ್ಕಿಂತ ದೊಡ್ಡ ಹಬ್ಬ. ಅಮ್ಮ ಅಪ್ಪ ಹಾಗೆ ನಂಬಲ್ಲ. ಚಳಿ ಹೋಯಿತು, ಅಜ್ಜಿ ಊಟಕ್ಕೆ ಕರೆದಿದ್ದಾರೆ, ನಮಗೆ ಖುಷಿ, ಅದಕ್ಕೆ ಮಾಡುತ್ತೇವೆ. ಆರು ವರ್ಷದ ಮಗುವಿಗೆ ಇದು ಅರ್ಥ ಆಗುತ್ತೆ. ಇದು ಸುಮ್ನೆ ವಸಂತದ ಹಬ್ಬ ಅಂತ ಮಾತ್ರ ಹೇಳಬೇಡಿ. ನನ್ನ ಅಮ್ಮನಂಥವರು 40 ದಿನ ಉಪವಾಸ ಮಾಡಿ ಕಾಯುವ ದಿನ ಅದು. ಅವರನ್ನು ಅಳಿಸಿ ನಾವು ಹಬ್ಬ ಮಾಡಬೇಕಾಗಿಲ್ಲ.

ಬರ್ಗೆನ್ ಮಳೆ:

ನಾರ್ವೆಯಿಂದ ಎರಡು ಮಾತು. ಇಲ್ಲಿ ಈಸ್ಟರ್ ಅಂದರೆ ಗುಡ್ಡದ ಮೇಲಿನ ಮರದ ಮನೆ, ಸ್ಕೀ, ಕಿತ್ತಳೆ ಹಣ್ಣು, ಕ್ವಿಕ್ ಲುನ್ಶ್ ಚಾಕೊಲೇಟ್, ಮತ್ತೆ ಪತ್ತೇದಾರಿ ಕಾದಂಬರಿ! 1923ರಲ್ಲಿ ಈಸ್ಟರ್ ಹೊತ್ತಿಗೆ ಒಂದು ಪತ್ತೇದಾರಿ ಕಾದಂಬರಿಯ ಜಾಹೀರಾತು ಪತ್ರಿಕೆಯ ಮುಖಪುಟದಲ್ಲಿ ಸುದ್ದಿಯ ಥರವೇ ಬಂತು, ರೈಲು ದರೋಡೆ ಆಯಿತು ಅಂತ ಜನ ನಿಜವೆಂದೇ ನಂಬಿಬಿಟ್ಟರು. ಅಲ್ಲಿಂದ ಶುರುವಾಗಿದ್ದು. ಈಗ ಹಾಲಿನ ಪ್ಯಾಕೆಟ್ ಮೇಲೂ ಸಣ್ಣ ಪತ್ತೇದಾರಿ ಕತೆ ಅಚ್ಚು ಹಾಕುತ್ತಾರೆ. ನಾವು ನಾಲ್ಕು ಜನ ಒಂದೇ ಪುಸ್ತಕ ಸರದಿ ಮೇಲೆ ಓದುತ್ತೇವೆ, ಕೊಲೆಗಾರ ಯಾರು ಅಂತ ಮುಂಚೆ ಓದಿದವರು ಬಾಯಿ ಬಿಡುವಂತಿಲ್ಲ.

ಉಪ್ಸಲಾ ಕನ್ನಡಿಗ:

ಮಾಟಗಾತಿ ವೇಷದ ಬಗ್ಗೆ ಒಂದು ಮಾತು ಸೇರಿಸಬೇಕು, ಮಗಳು ದೊಡ್ಡವಳಾದ ಮೇಲೆ ಹೇಳಿ. ಈಸ್ಟರ್ ವಾರದಲ್ಲಿ ಮಾಟಗಾತಿಯರು ಬ್ಲೋಕುಲ್ಲಾ ಅನ್ನೋ ಜಾಗಕ್ಕೆ ಪೊರಕೆ ಮೇಲೆ ಹಾರಿ ಹೋಗುತ್ತಾರೆ ಅಂತ ಇಲ್ಲಿ ನಂಬಿದ್ದರು. ಅದು ಬರೀ ಕತೆಯಾಗಿ ಉಳಿಯಲಿಲ್ಲ. 1668ರಿಂದ 1676ರವರೆಗೆ ವಿಚಾರಣೆಗಳು ನಡೆದವು, ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು ಅಂತ ಸಣ್ಣ ಮಕ್ಕಳಿಂದ ಸಾಕ್ಷಿ ಹೇಳಿಸಿದರು. ತೋರ್ಸೋಕೆರ್ ಅನ್ನೋ ಒಂದೇ ಕಡೆ 1675ರಲ್ಲಿ 71 ಜನರನ್ನು ಕೊಂದರು, ಹೆಚ್ಚಿನವರು ಹೆಂಗಸರು. ಇವತ್ತು ಅದೇ ವೇಷದಲ್ಲಿ ಮಕ್ಕಳು ಬಂದಾಗ ಎಲ್ಲರೂ ಬಾಗಿಲು ತೆಗೆದು ಮಿಠಾಯಿ ಕೊಡುತ್ತಾರೆ. ಪ್ರತಿ ವರ್ಷ ನನಗೆ ಅದು ನೆನಪಾಗಿ ಮಿಠಾಯಿ ಇನ್ನೊಂದು ಹಿಡಿ ಜಾಸ್ತಿ ಹಾಕುತ್ತೇನೆ.

ನೇರಮಾತು ಅವರೇ, ಬೇವು ಬೆಲ್ಲ ತಿನ್ನುವಾಗ ನೀವು ಯಾವ ದೇವರನ್ನು ನೆನೆಯುತ್ತೀರಿ? ನಮ್ಮಪ್ಪ ಜೀವನದಲ್ಲಿ ಗುಡಿಗೆ ಹೋದವರಲ್ಲ, ಯುಗಾದಿ ದಿನ ಅವರೇ ಬೇವಿನ ಚಿಗುರು ಕಿತ್ತು ತರುತ್ತಿದ್ದರು.

ನೇರಮಾತು:

ಬೇವು ಬೆಲ್ಲ ನಾನೂ ತಿನ್ನುತ್ತೇನೆ. ಅದನ್ನು ಹಬ್ಬ ಅಂತ ಲೆಕ್ಕ ಹಾಕಿರಲಿಲ್ಲ, ನಿಜ. ಈಯೋಸ್ತ್ರೆ ವಿಷಯ ತಿದ್ದಿದ್ದಕ್ಕೆ ಕುಡ್ಲದವರಿಗೆ ಥ್ಯಾಂಕ್ಸ್. ನಾಲ್ಕು ಜನಕ್ಕೆ ಹೇಳಿದ್ದೆ, ಅವರಿಗೂ ತಿಳಿಸುತ್ತೇನೆ.

ಬೆಣ್ಣೆದೋಸೆ:

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಹಬ್ಬ ಮುಗಿಯಿತು, ಏನಾಯಿತು ಅಂತ ಹೇಳಬೇಕು ಅನಿಸಿತು.

ಈ ಸಲ ಏಪ್ರಿಲ್ 5ಕ್ಕೆ ಇತ್ತಲ್ಲ, ದವನದ ಹುಣ್ಣಿಮೆ ಆದಮೇಲಿನ ಭಾನುವಾರ. ಇದನ್ನು ಅತ್ತೆಗೆ ಹೇಳಿದೆ, ಇಲ್ಲಿನವರ ಹಬ್ಬಕ್ಕೂ ಹುಣ್ಣಿಮೆ ಲೆಕ್ಕ ಇದೆ ಅಂತ. ಆಮೇಲೆ ಅವರು ಪುಕ್ಕದ ವಿಷಯ ಎತ್ತಲಿಲ್ಲ.

ಮಗಳಿಗೆ ಕುಡ್ಲದವರು ಹೇಳಿದ ಹಾಗೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ "ಹಾಗಾದ್ರೆ ನಾವು ಯುಗಾದಿಯವರು, ಅಜ್ಜಿ ಮನೆಗೆ ಹೋದಾಗ ಈಸ್ಟರ್‌ನವರು" ಅಂದಳು. ನನಗೆ ಇದರ ಮೇಲೆ ಹೇಳಲು ಏನೂ ಇರಲಿಲ್ಲ.

ಮೊಟ್ಟೆಗೆ ಕೊತ್ತಂಬರಿ ಎಲೆ ಕಟ್ಟಿದ್ದೆ, ಹನ್ನೆರಡರಲ್ಲಿ ಎರಡು ಒಡೆದವು. ಅಜ್ಜಿ ಒಂದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು, ಇದು ಯಾವ ಎಲೆ ಅಂದರು. ಹೇಳಿದೆ. ಅವರ ತಾಯಿಯೂ ಈರುಳ್ಳಿ ಸಿಪ್ಪೆಯಲ್ಲೇ ಬಣ್ಣ ಹಾಕುತ್ತಿದ್ದರಂತೆ, ಯುದ್ಧದ ಕಾಲದಲ್ಲಿ ಅಂಗಡಿ ಬಣ್ಣ ಸಿಗದೇ ಇದ್ದಾಗ. ಆಮೇಲೆ ಮೊಟ್ಟೆಗೆ ಮೊಟ್ಟೆ ಗುದ್ದುವ ಆಟ ಆಡಿದೆವು, ಯಾರದ್ದು ಒಡೆಯಲ್ಲವೋ ಅವರು ಗೆದ್ದ ಹಾಗೆ. ಅಜ್ಜಿ ನಮ್ಮ ಮೂವರನ್ನೂ ಸೋಲಿಸಿದರು. ಆದರೆ ಆ ಎಲೆಯ ಮೊಟ್ಟೆಯನ್ನು ಮಾತ್ರ ಆಟಕ್ಕೆ ಇಳಿಸಲಿಲ್ಲ, ಕಿಟಕಿ ಹತ್ತಿರ ಎತ್ತಿಟ್ಟರು. ಅಲ್ಲಿ ಅವರ ಗಂಡನ ಫೋಟೋ ಇತ್ತು. ಬರೋದು ಐದು ವರ್ಷದಿಂದ ನಿಂತುಹೋಗಿದ್ದ ಹಬ್ಬ ಇವತ್ತು ಬಂತು ಅಂದರು. ಬಿಟ್ಟಿಲ್ಲ ಅಂತ ಹೇಳಿದ್ದವರು, ಇಷ್ಟು ವರ್ಷ ಒಬ್ಬರೇ ಟೇಬಲ್ ಹಾಕಿಕೊಂಡು ಕೂರುತ್ತಿದ್ದರು ಅಂತ ನನಗೆ ಆಗ ಗೊತ್ತಾಗಿದ್ದು.

ಸಂಜೆ ಮಗಳು ನನ್ನ ಹಳೆ ದುಪಟ್ಟಾ ತಲೆಗೆ ಕಟ್ಟಿಕೊಂಡು ಏಳು ಮನೆಗೆ ಕಾಗದ ಹಾಕಿ ಓಡಿದಳು. ಬೆಂಕಿ ನೋಡಿ ಬರುವಾಗ ನಮ್ಮ ಬಾಗಿಲಲ್ಲೂ ಒಂದು ಸುರುಳಿ ಬಿದ್ದಿತ್ತು. ಒಳಗೆ ಕ್ರೇಯಾನ್‌ನಲ್ಲಿ ಬರೆದ ಹಳದಿ ಕೋಳಿಮರಿ, ಹೆಸರಿಲ್ಲ. ಗೆರೆ ಸ್ವಲ್ಪ ನಡುಗಿದೆ. ಮಗಳು ಎದುರು ಮನೆಯ ಹುಡುಗ ಅನ್ನುತ್ತಿದ್ದಾಳೆ. ಹಳದಿ ಕ್ರೇಯಾನ್ ಅಜ್ಜಿಯ ಫೋನಿನ ಪಕ್ಕ ಇದ್ದಿದ್ದು ನಾನು ಮಧ್ಯಾಹ್ನ ನೋಡಿದ್ದೆ. ಅವಳಿಗೆ ಇನ್ನೂ ಹೇಳಿಲ್ಲ.