ಅಪ್‌ಡೇಟ್: ಆಟೋಪೈಲಟ್ ಮೋಟಾರ್ ಈಗ ಎರಡೂ ಕಡೆ ತಿರುಗುತ್ತಿದೆ

ದೋಣಿಯನ್ನು ತಾನೇ ನಡೆಸುವ ಆಟೋಪೈಲಟ್‌ಗಾಗಿ ಚುಕ್ಕಾಣಿಗೆ ಕಟ್ಟಿದ 12 ವೋಲ್ಟ್ ವೈಪರ್ ಮೋಟಾರ್ ಎಡಕ್ಕೆ ತಿರುಗುವುದೇ ಇಲ್ಲ, ಬಲಕ್ಕೆ ತಿರುಗಿದರೆ ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ರೀಸ್ಟಾರ್ಟ್ ಆಗುತ್ತದೆ ಅಂತ ಕೇಳಿದ್ದೆ. ಎರಡೂ ಸರಿಹೋಯಿತು.

ನನಗೆ ಅನುಮಾನವಿದ್ದದ್ದು ಮೋಟಾರಿಗೆ ಕರೆಂಟ್ ಹಾಯಿಸುವ ಬಿಟಿಎಸ್7960 ಬೋರ್ಡಿನ ಎನೇಬಲ್ ಪಿನ್‌ಗಳ (ಬೋರ್ಡನ್ನು ಚಾಲೂ ಮಾಡುವ ಪಿನ್‌ಗಳು) ಮೇಲೆ. ಆದರೆ ಅವುಗಳಲ್ಲಿ ಒಂದಕ್ಕೆ 5 ವೋಲ್ಟ್ ತಪ್ಪಿದರೂ ಮೋಟಾರ್ ಯಾವ ಕಡೆಗೂ ತಿರುಗುವುದಿಲ್ಲ; ನನ್ನದು ಬಲಕ್ಕೆ ತಿರುಗುತ್ತಿತ್ತು, ಹಾಗಾಗಿ ತಪ್ಪು ಅಲ್ಲಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ: ಎಡಕ್ಕೆ ತಿರುಗಿಸುವ ಸಿಗ್ನಲ್ ಬರುವ ಎಲ್‌ಪಿಡಬ್ಲ್ಯುಎಂ ಪಿನ್ನಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು. ಮತ್ತೆ ಬೆಸೆದೆ, ಎಡಕ್ಕೂ ತಿರುಗಿತು.

ಪೈ ಮತ್ತು ಮೋಟಾರಿಗೆ ಒಂದೇ ತೆಳು ವೈರಿನಲ್ಲಿ ಕರೆಂಟ್ ಕೊಟ್ಟಿದ್ದು ನನ್ನ ತಪ್ಪು. ಮೋಟಾರ್ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಪೈ ರೀಸ್ಟಾರ್ಟ್ ಆಗುತ್ತಿತ್ತು. ಈಗ ಬ್ಯಾಟರಿಯಿಂದಲೇ ಬೇರೆ ಬೇರೆ ಜೋಡಿ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಮೋಟಾರಿನ ಎರಡು ವೈರುಗಳನ್ನು ಹೆಣೆದು ದಿಕ್ಸೂಚಿಯಿಂದ ದೂರ ಒಯ್ದ ಮೇಲೆ ದಿಕ್ಸೂಚಿಯ ಓಲಾಟವೂ ನಿಂತಿದೆ.